ಅಳಿಲಿನ ಕಣ್ಣು ಮತ್ತು ಮಸೂರದ ಪರೀಕ್ಷೆ

ಯಾವ ವಸ್ತುವನ್ನಾದರೂ ಪರೀಕ್ಷಿಸದೆ ಮನೆಗೆ ತರಬಾರದೆಂಬುದನ್ನು ನಮ್ಮ ಹಿರಿಯರು ಬಾಯಿಂದ ಹೇಳಿದ್ದಕ್ಕಿಂತ ಕೈಯಿಂದ ಮಾಡಿ ತೋರಿಸಿದ್ದೇ ಹೆಚ್ಚು. ಎತ್ತನ್ನು ಕೊಳ್ಳುವವನು ಸಂತೆಯಲ್ಲಿ ಅದರ ಬಾಯಿ ತೆರೆದು ಹಲ್ಲು ನೋಡುವನು. ಕೊಡವನ್ನು ಕೊಳ್ಳುವ ಗೃಹಿಣಿಯು ಬೆರಳಿನಿಂದ ತಟ್ಟಿ ಅದರ ನಾದವನ್ನು ಕೇಳುವಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸದೆ ಯಾರೂ ಚೀಲಕ್ಕೆ ಹಾಕಿಕೊಳ್ಳುವದಿಲ್ಲ. ಆದರೆ ಸಾವಿರಾರು ರೂಪಾಯಿ ಬೆಲೆಬಾಳುವ ಕ್ಯಾಮರಾವನ್ನೂ ಅದರ ಮಸೂರವನ್ನೂ ಕೊಳ್ಳುವಾಗ ಮಾತ್ರ ಇದೇ ಜನರು ಗಾಜಿನ ಹೊಳಪನ್ನು ಕಂಡು ಮರುಳಾಗುವರು. ಒಬ್ಬರು ಬಳಸಿ ಬಿಟ್ಟ ಮಸೂರಗಳ ವ್ಯಾಪಾರವು ಈಗ ಬಹಳವಾಗಿ ಬೆಳೆದಿರುವದರಿಂದಲೂ, ಹಳ್ಳಿಪಳ್ಳಿಗಳ ತರುಣರು ಸಾಲ ಮಾಡಿ ಅವನ್ನು ತರಿಸಿಕೊಳ್ಳುತ್ತಿರುವದರಿಂದಲೂ, ಇಂಥ ಒಂದು ಮಸೂರವನ್ನು ನಾವು ಹತ್ತು ದಿನ ಪರೀಕ್ಷಿಸಿದ ಬಗೆಯನ್ನು ವಾಚಕರಿಗೆ ಸವಿಸ್ತಾರವಾಗಿ ನಿವೇದಿಸಬೇಕೆಂದಿರುವೆವು.

ಮೂಡಲಗಿಯಲ್ಲಿ ನಮ್ಮ ಸೋದರಳಿಯನೊಬ್ಬನು ಸಣ್ಣದೊಂದು ಛಾಯಾಚಿತ್ರದ ಅಂಗಡಿಯನ್ನು ಇಟ್ಟುಕೊಂಡಿರುವನು. ಎಲ್ಲರ ಕಿಸೆಯಲ್ಲಿಯೂ ಕ್ಯಾಮರಾವುಳ್ಳ ಫೋನು ಬಂದ ಮೇಲೆ ಅಂಗಡಿಗೆ ಬಂದು ಕುರ್ಚಿಯ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವವರು ಕಡಿಮೆಯಾದರು. ಉಳಿದದ್ದು ಮದುವೆ, ಮುಂಜಿವೆ, ಜಾತ್ರೆಗಳ ಕೆಲಸ. ಕಲ್ಯಾಣಮಂಟಪದ ಹಿಂದಿನ ಸಾಲಿನಿಂದ ವೇದಿಕೆಯ ಮೇಲಿನವರನ್ನು ಹತ್ತಿರಕ್ಕೆ ತಂದು ತೋರಿಸಬಲ್ಲ, 70ರಿಂದ 300 ಮಿಲಿಮೀಟರ್ ನಾಭಿದೂರದ ಮಸೂರವೊಂದು ಅವನಿಗೆ ಅವಶ್ಯವಾಗಿದ್ದಿತು. ಸಹಕಾರೀ ಸಂಘದಲ್ಲಿ ಸಾಲವೆತ್ತಿ ದೂರದ ಪಟ್ಟಣದ ಒಬ್ಬ ವ್ಯಾಪಾರಿಯಿಂದ 22,000 ರೂಪಾಯಿಗೆ ಅದನ್ನು ತರಿಸಿದನು. ಹತ್ತು ದಿನಗಳೊಳಗೆ ದೋಷ ಕಂಡರೆ ಹಿಂದಕ್ಕೆ ಕಳುಹಿಸಬಹುದು, ಹನ್ನೊಂದನೆಯ ದಿನ ಮಾತಿಲ್ಲ, ಎಂಬುದು ಕರಾರು. ಮೂರನೆಯ ದಿನ ಸಾಯಂಕಾಲ ಅವನು ನಮ್ಮ ಗೋಕಾಕದ ಮನೆಗೆ ಬಂದು, "ಮಾಮಾ, ಎಲ್ಲಾ ಚಿತ್ರ ಮಬ್ಬ ಬರಾಕತ್ತಾವ್ರಿ. ತಪ್ಪು ನಂದೋ ಗಾಜಿಂದೋ ತಿಳೀವಲ್ದು," ಎಂದನು. ನಾವು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದಾಗಲೂ ಈ ಯಂತ್ರದ ಹುಚ್ಚನ್ನು ಇಟ್ಟುಕೊಂಡೇ ಇದ್ದವರೆಂಬುದು ಅವನಿಗೆ ಬಾಲ್ಯದಿಂದಲೂ ಗೊತ್ತು.

ಮಸೂರವೆಂಬ ಶಬ್ದದ ವಿಷಯವಾಗಿ ಒಂದು ಮಾತು. ಸಂಸ್ಕೃತದಲ್ಲಿ ಮಸೂರವೆಂದರೆ ನಮ್ಮ ಚೆನ್ನಂಗಿ ಬೇಳೆಯ ಕಾಳು. ಪಾಶ್ಚಾತ್ಯರ ಲೆನ್ಸ್ ಎಂಬ ಶಬ್ದವೂ ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿನ ಹೆಸರೇ. ಎರಡೂ ಬದಿಗೆ ಉಬ್ಬಿ ಅಂಚಿನಲ್ಲಿ ತೆಳುವಾಗಿರುವ ಆಕಾರವನ್ನು ಕಂಡು ಅವರು ಹಾಗೆ ಕರೆದರು. ನಮ್ಮವರು ಅದರ ಅರ್ಥವನ್ನು ಹಿಡಿದು ಹೆಸರನ್ನು ಇಟ್ಟರು. ಈಗಿನ ಮಸೂರವಾದರೋ ಒಂದು ಕಾಳಲ್ಲ, ಒಂದು ಹಿಡಿ ಕಾಳು: ಹತ್ತು ಹದಿನೈದು ಗಾಜುಗಳು ಒಂದರ ಹಿಂದೊಂದು ಒಂದೇ ಅಕ್ಷದ ಮೇಲೆ ನಿಲ್ಲಬೇಕು. ಮಸೂರವು ಒಮ್ಮೆ ಕೈಜಾರಿ ಬಿದ್ದಿತೆಂದರೆ ಮೇಲೆ ಗೀರು ಸಹ ಕಾಣದಿದ್ದರೂ ಒಳಗೆ ಒಂದು ಗಾಜು ಕೂದಲೆಳೆಯಷ್ಟು ವಾರೆಯಾಗಿರಬಹುದು. ಮುಂದೆ ಬರುವ ವೃತ್ತಾಂತಕ್ಕೆ ಈ ಸಂಗತಿಯು ಅವಶ್ಯವಾದ್ದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಪರೀಕ್ಷೆಗೆ ಅಳಿಲೇ ಏಕೆಂದು ಕೇಳಿದರೆ, ಅದರ ಮೈಮೇಲಿನ ಒಂದೊಂದು ಕೂದಲೂ ಒಂದೊಂದು ಅಳತೆಗೋಲು. ಮೀಸೆಗಳು ದಾರಕ್ಕಿಂತ ತೆಳು; ಕಣ್ಣು ಕರಿಯ ಮಣಿಯಂತೆ ಹೊಳೆದು ಅದರೊಳಗೆ ಆಕಾಶದ ಬಿಂಬವು ಚಿಕ್ಕ ಬಿಳಿಯ ಚುಕ್ಕೆಯಾಗಿ ಕೂತಿರುತ್ತದೆ. ಮಸೂರವು ಒಳ್ಳೆಯದಾಗಿದ್ದು ನಾಭಿಯು ಸರಿಯಾಗಿದ್ದರೆ ಆ ಚುಕ್ಕೆಯ ಅಂಚು ಕತ್ತರಿಸಿದಂತೆ ಬರುವದು. ಹಕ್ಕಿಗಳೂ ಆಗಬಹುದು, ಆದರೆ ಅವು ಹಾರಿಹೋಗುವವು. ಅಳಿಲು ಮಾತ್ರ ನಮ್ಮನ್ನು ನೋಡಿ ಬೈಯುವದಕ್ಕಾಗಿಯಾದರೂ ನಿಲ್ಲುವದು. ಮರದ ಬೊಡ್ಡೆಯ ಮೇಲೆ ತಲೆ ಕೆಳಗಾಗಿ ಅಂಟಿಕೊಂಡು, ಒಂದೊಂದು ಕೂಗಿಗೆ ಒಂದೊಂದು ಸಲ ಬಾಲವನ್ನು ಝಾಡಿಸುವಾಗ ಅದರ ತಲೆಯು ಕ್ಷಣಕಾಲ ನಿಶ್ಚಲವಾಗಿರುವದು. ಮೈ ನಿಂತಿದೆ, ಬಾಲ ಓಡುತ್ತಿದೆ! ಇದಕ್ಕಿಂತ ಉತ್ತಮವಾದ ಪರೀಕ್ಷಾವಸ್ತುವನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು.

ನಮ್ಮ ಕಡೆಯ ಹಳಬರು ಇದನ್ನು ಇಣಚಿಯೆನ್ನುವರು. ಬೆನ್ನ ಮೇಲೆ ಮೂರು ಬಿಳಿಯ ಪಟ್ಟೆಗಳುಳ್ಳ ಈ ಜಾತಿಯನ್ನು ಲಿನೇಯಸ್ ಎಂಬ ಪಂಡಿತನು 1766ರಲ್ಲಿ ವರ್ಣಿಸಿದನು. ಈಗಿನ ಶಾಸ್ತ್ರನಾಮವು ಫುನಾಂಬುಲಸ್ ಪಾಲ್ಮರಮ್. ಮೊದಲಿನ ಪದಕ್ಕೆ ಹಗ್ಗದ ಮೇಲೆ ನಡೆಯುವವನೆಂದು ಅರ್ಥ. ಸುಶ್ರುತಸಂಹಿತೆಯಲ್ಲಿ ಪರ್ಣಮೃಗಗಳ ಗಣದೊಳಗೆ ಬರುವ ವೃಕ್ಷಶಾಯಿಕಾ ಎಂಬುದನ್ನು ಕೋಶಕಾರರು ಅಳಿಲಿನ ಜಾತಿಯೆಂದೇ ಹೇಳಿರುವರು. ಶ್ರೀರಾಮನು ಬೆನ್ನು ಸವರಿದ್ದರಿಂದ ಪಟ್ಟೆಗಳಾದವೆಂಬ ಕಥೆಯು ಎಲ್ಲರ ಮನೆಯಲ್ಲಿಯೂ ಉಂಟು. ಆದರೆ ವಾಲ್ಮೀಕಿರಾಮಾಯಣದಲ್ಲಿ ಅದು ಇಲ್ಲ. ಸೇತುವೆಗೆ ದುಡಿದ ಅಳಿಲುಗಳ ಪ್ರಸ್ತಾಪವು ತಮಿಳಿನ ತೊಂಡರಡಿಪ್ಪೊಡಿ ಆಳ್ವಾರರ 'ತಿರುಮಾಲೈ'ಯಲ್ಲಿದೆ. ಮೂಲದಲ್ಲಿ ಇಲ್ಲವೆಂದು ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಎರಡು ದಿನ ಮುನಿಸಾಗಿದ್ದಿತು, ಅದಿರಲಿ.

ಮೊದಲನೆಯ ಪರೀಕ್ಷೆಯು ಗೋಕಾಕದ ಜಲಪಾತದ ಹತ್ತಿರ. ಘಟಪ್ರಭೆಯು ಇಲ್ಲಿ 52 ಮೀಟರು ಕೆಳಕ್ಕೆ ಧುಮುಕುವಳು. ಇದೇ ನೀರಿನ ಬಲದಿಂದ 1887ರಲ್ಲಿಯೇ ಇಲ್ಲಿ ವಿದ್ಯುತ್ತು ಹುಟ್ಟಿತು. ನೂಲಿನ ಗಿರಣಿಯೂ ಆಗಿನದೇ. ಮಾರ್ಗಶಿರಮಾಸವಾದ್ದರಿಂದ ನೀರು ಇಳಿದಿದ್ದಿತು, ಗಾಳಿಯು ತಿಳಿಯಾಗಿದ್ದಿತು. ಮಹಾಲಿಂಗೇಶ್ವರನ ಹಳೆಯ ಗುಡಿಯ ಸುತ್ತಿನ ಮರಗಳಲ್ಲಿ ಅಳಿಲುಗಳಿಗೆ ಬರವಿಲ್ಲ. ಯಾರೋ ಪ್ರವಾಸಿಗಳು ಕೆಡವಿಹೋದ ಕರದಂಟಿನ ಚೂರನ್ನು ಒಂದು ಅಳಿಲು ಮುಂಗಾಲುಗಳಲ್ಲಿ ಹಿಡಿದು ತಿರುತಿರುವಿ ತಿನ್ನುತ್ತಿದ್ದಿತು. ಅಂಟು ತಿಂಡಿಯಾದ್ದರಿಂದ ಹಲ್ಲಿಗೆ ಹತ್ತಿ ಬಿಡಲೊಲ್ಲದು; ಅಳಿಲು ಅರ್ಧ ನಿಮಿಷ ಕದಲಲಿಲ್ಲ.

ನಾವು ಮೊದಲು ಮಾಡಿದ ಕೆಲಸವೆಂದರೆ ಮಸೂರದ ಮೂತಿಗೆ ರಕ್ಷಣೆಗಾಗಿ ತಿರುವಿದ್ದ ಅಗ್ಗದ ಗಾಜನ್ನು ತೆಗೆಸಿದ್ದು. ಎರಡು ಸಾವಿರದ ಕನ್ನಡಕಕ್ಕೆ ಎರಡು ಆಣೆಯ ಗಾಜನ್ನು ಅಂಟಿಸಿ ನೋಡುವ ಬುದ್ಧಿವಂತರು ಯಾರೂ ಇಲ್ಲ. ಮಸೂರದ ವಿಷಯದಲ್ಲಿ ಮಾತ್ರ ಎಲ್ಲರೂ ಅದನ್ನೇ ಮಾಡುವರು. ಆ ಮೇಲೆ ಅಳಿಯನು ಹಿಂದೆ ತೆಗೆದ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆವು. ಇಲ್ಲಿ ಒಂದು ವಿವೇಕವನ್ನು ಬಳಸಬೇಕು. ಮಬ್ಬು ಎಂಬುದು ಒಂದೇ ರೋಗವಲ್ಲ. ಲಕ್ಷಣವು ಒಂದು, ಕಾರಣಗಳು ಹಲವು. ಚಿತ್ರದಲ್ಲಿ ಯಾವ ಭಾಗವೂ ಸ್ಪಷ್ಟವಾಗಿಲ್ಲದೆ, ಹೊಳೆಯುವ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಗೆರೆಗಳಾಗಿದ್ದರೆ ಅದು ಕೈಯ ನಡುಕ. ಹಿಂದಿನ ತೊಗಟೆಯೋ ಮುಂದಿನ ಎಲೆಯೋ ಸ್ಪಷ್ಟವಾಗಿದ್ದು ಕಣ್ಣು ಮಾತ್ರ ಮಸುಕಾಗಿದ್ದರೆ ಅದು ನಾಭಿಯ ದೋಷ. ತಲೆ ಸ್ಪಷ್ಟ, ಬಾಲ ಅಸ್ಪಷ್ಟವೆಂದಾದರೆ ಪ್ರಾಣಿಯ ಚಲನೆ. ಎಲ್ಲವೂ ನೀರಿನೊಳಗಿಂದ ನೋಡಿದಂತೆ ಅಲೆಯಲೆಯಾಗಿ ಕಂಡರೆ ಬಿಸಿಗಾಳಿ. ಜಲಪಾತದ ಬಂಡೆಗಳು ಹತ್ತು ಗಂಟೆಗೆಲ್ಲ ಕಾದು, ಅವುಗಳ ಮೇಲಿನ ಗಾಳಿಯು ಕುಣಿಯತೊಡಗುವದು. ಆಗ ದೇವಲೋಕದ ಮಸೂರವನ್ನು ತಂದರೂ ದೂರದ ವಸ್ತುವು ಸ್ಪಷ್ಟವಾಗಲಾರದು. ಆದುದರಿಂದ ಪರೀಕ್ಷೆಯನ್ನು ಬೆಳಗಿನ ಹೊತ್ತು, ಹತ್ತಿರದ ವಸ್ತುವಿನ ಮೇಲೆ ಮಾಡತಕ್ಕದ್ದು.

ಅಳಿಯನ ಚಿತ್ರಗಳಲ್ಲಿ ಅರ್ಧಕ್ಕೆ ಕೈಯ ನಡುಕವೇ ಕಾರಣವಾಗಿದ್ದಿತು. ಅವನು ಸೆಕೆಂಡಿನ 125ನೆಯ ಒಂದು ಭಾಗದಷ್ಟು ಕಾಲ ಶಟರನ್ನು ತೆರೆಯುತ್ತಿದ್ದನು. ಹಳಬರ ಲೆಕ್ಕವೆಂದರೆ ನಾಭಿದೂರವು ಎಷ್ಟು ಮಿಲಿಮೀಟರೋ ಸೆಕೆಂಡನ್ನು ಅಷ್ಟು ಭಾಗ ಮಾಡಿ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆಯಕೂಡದು. ಅವನ ಕ್ಯಾಮರಾದ ಸೆನ್ಸರು ಹಳೆಯ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಇನ್ನೂ ಒಂದೂವರೆ ಪಟ್ಟು ಜಾಗ್ರತೆ ಬೇಕು. ಎಂದರೆ ಸುಮಾರು 500ರಲ್ಲಿ ಒಂದು ಭಾಗ. ನಡುಕವನ್ನು ತಡೆಯುವ ಯುಕ್ತಿಯು ಮಸೂರದಲ್ಲಿಯೇ ಇದ್ದರೂ ಅದು ನಮ್ಮ ಕೈಯನ್ನು ತಡೆಯಬಲ್ಲದೇ ಹೊರತು ಅಳಿಲನ್ನಲ್ಲ. ಬಾಲವೂ ನಿಲ್ಲಬೇಕಾದರೆ 1,000ದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕೊಡಬಾರದು. ಹೀಗೆ ಮಾಡಿದ ಮೇಲೆ ಚಿತ್ರಗಳು ಬಹಳ ಸುಧಾರಿಸಿದವು. ಆದರೆ ಕಣ್ಣು ಮಾತ್ರ ಇನ್ನೂ ಹೊಳೆಯಲಿಲ್ಲ.

ಐದನೆಯ ದಿನ ನಾವು ಮೂಡಲಗಿಗೆ ಹೋದೆವು. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿರುವದು. ಅಳಿಯನ ಹೊಲದಲ್ಲಿ ಕಬ್ಬಿನ ಬದುವಿಗೆ ಬಾವಿ, ಬಾವಿಯ ಪಕ್ಕದಲ್ಲಿ ದೊಡ್ಡ ಬೇವಿನ ಮರ. ಮರದಲ್ಲಿ ಅಳಿಲಿನ ಒಂದು ಸಂಸಾರ. ಮೂರು ಕಾಲಿನ ಪೀಠವನ್ನು ನಾಲ್ಕು ಮೀಟರು ದೂರದಲ್ಲಿ ಊರಿ, ನಡುಕ ತಡೆಯುವ ಯುಕ್ತಿಯನ್ನು ನಿಲ್ಲಿಸಿ (ಪೀಠದ ಮೇಲಿರುವಾಗ ಅದು ಕೆಲವು ಮಸೂರಗಳಲ್ಲಿ ತಾನೇ ನಡುಕವನ್ನು ಹುಟ್ಟಿಸುವದು), ಕಾದು ಕೂತೆವು. ಪೀಠವನ್ನು ಕಂಡು ಅಳಿಲುಗಳು ಮೊದಲಿನ ಒಂದು ತಾಸು ಮರವನ್ನೇ ತಲೆಯ ಮೇಲೆ ಹೊತ್ತುಕೊಂಡವು. ಆಮೇಲೆ ನಮ್ಮನ್ನು ಹೊಲದ ಬೆದರುಗೊಂಬೆಗಳೆಂದು ಬಗೆದು ಸುಮ್ಮನಾದವು. ಕಾಳು ಚೆಲ್ಲಿ ಕರೆಯಬೇಕೆಂದು ಅಳಿಯನ ಮತ. ನಾವು ಬೇಡವೆಂದೆವು, ಮೇವಿಗೆ ಇಳಿಯುವ ಅಳಿಲಿಗೆ ಬೆಕ್ಕೂ ಕಾಯುತ್ತಿರುತ್ತದೆ.

ನಾಭಿಯ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. 300 ಮಿಲಿಮೀಟರು ನಾಭಿದೂರದಲ್ಲಿ, ರಂಧ್ರವನ್ನು ಎಫ್ 5.6ಕ್ಕೆ ತೆರೆದು, ನಾಲ್ಕು ಮೀಟರು ದೂರದ ವಸ್ತುವನ್ನು ಇಂಥ ಕ್ಯಾಮರಾದಲ್ಲಿ ಹಿಡಿದರೆ, ಸ್ಪಷ್ಟವಾಗಿ ಬರುವ ಆಳವು ಒಟ್ಟು ಸುಮಾರು ನಾಲ್ಕು ಸೆಂಟಿಮೀಟರು. ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಅಳಿಲಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದವೇ ಸುಮಾರು 15 ಸೆಂಟಿಮೀಟರು. ಆದುದರಿಂದ ಅದು ನಮ್ಮತ್ತ ಮುಖಮಾಡಿ ಕುಳಿತಾಗ ಕಣ್ಣಿನ ಮೇಲೆ ನಾಭಿಯಿದ್ದರೆ ಬೆನ್ನು ಮಸುಕಾಗುವದು, ಬೆನ್ನಿನ ಮೇಲಿದ್ದರೆ ಕಣ್ಣು ಮಸುಕಾಗುವದು. ಅಡ್ಡವಾಗಿ ಕುಳಿತ ಅಳಿಲು ಚಿತ್ರಕ್ಕೆ ಚೆಂದ. ಎದುರಾಗಿ ಕುಳಿತದ್ದು ಪರೀಕ್ಷೆಗೆ ಚೆಂದ.

ಪ್ರತಿಸಲವೂ ನಾಭಿಯನ್ನು ದೂರಕ್ಕೆ ತಿರುಗಿಸಿಬಿಟ್ಟು, ಯಂತ್ರವು ತಾನೇ ಹೊಸದಾಗಿ ಕಣ್ಣನ್ನು ಹುಡುಕಿಕೊಳ್ಳುವಂತೆ ಮಾಡಿ, ಹತ್ತು ಚಿತ್ರಗಳನ್ನು ತೆಗೆಸಿದೆವು. ಹತ್ತರಲ್ಲಿ ಎಂಟರಲ್ಲಿ ಭುಜದ ಕೂದಲು ಒಂದೊಂದೂ ಎಣಿಸುವಂತೆ ಬಂದಿದ್ದವು. ಕಣ್ಣು, ಮೀಸೆಗಳು ಮಸುಕು. ಒಂದೆರಡರಲ್ಲಿ ಹಾಗಾಗಿದ್ದರೆ ಅಳಿಲು ಮುಂದೆ ಜರುಗಿತೆನ್ನಬಹುದಿತ್ತು. ಎಂಟರಲ್ಲಿಯೂ ನಾಭಿಯು ಹಿಂದೆಯೇ ಬಿದ್ದರೆ ಅದು ಯಂತ್ರದ ಅಭ್ಯಾಸ. ಬಳಿಕ ಕಿಂಡಿಯಲ್ಲಿ ನೋಡುವದನ್ನು ಬಿಟ್ಟು ಹಿಂದಿನ ಪರದೆಯಲ್ಲಿ ನೋಡುತ್ತ ಅಷ್ಟೇ ಚಿತ್ರಗಳನ್ನು ತೆಗೆಸಿದೆವು. ಒಂಬತ್ತರಲ್ಲಿ ಕಣ್ಣು ಕತ್ತರಿಸಿಟ್ಟಂತೆ ಬಂದಿತು!

ಇದರ ಕಾರಣವು ಸರಳವಾಗಿದೆ. ಕನ್ನಡಿಯುಳ್ಳ ಕ್ಯಾಮರಾದಲ್ಲಿ ನಾವು ಕಿಂಡಿಯಿಂದ ನೋಡುವಾಗ ಬೆಳಕಿನ ಒಂದು ಪಾಲು ಕೆಳಗಿರುವ ಬೇರೊಂದು ಸೆನ್ಸರಿಗೆ ಹೋಗುವದು. ದೂರವನ್ನು ಅಳೆದು ಮಸೂರಕ್ಕೆ ಅಪ್ಪಣೆ ಕೊಡುವದು ಅದು. ಚಿತ್ರವನ್ನು ಬರೆಯುವದು ಹಿಂದಿನ ದೊಡ್ಡ ಸೆನ್ಸರು. ಎರಡು ದಾರಿಗಳೂ ಸರಿಸಮವಾಗಿಲ್ಲದಿದ್ದರೆ ಅಪ್ಪಣೆಯು ತಪ್ಪುವದು. ಪರದೆಯಲ್ಲಿ ನೋಡುವಾಗಲಾದರೋ ಚಿತ್ರ ಬರೆಯುವ ಸೆನ್ಸರೇ ನಾಭಿಯನ್ನೂ ನೋಡಿಕೊಳ್ಳುವದು. ಕನ್ನಡಿಯೇ ಇಲ್ಲದ ಹೊಸ ಕ್ಯಾಮರಾಗಳಲ್ಲಿ ಈ ಜಗಳವು ಬಹುಮಟ್ಟಿಗೆ ಇಲ್ಲ. ಅವುಗಳಲ್ಲಿ ಕೆಲವು ಪ್ರಾಣಿಯ ಕಣ್ಣನ್ನು ತಾವೇ ಗುರುತಿಸುವವು. ಅಳಿಯನ ಯಂತ್ರದಲ್ಲಿ ಅದೃಷ್ಟವಶಾತ್ ಈ ತಪ್ಪನ್ನು ತಿದ್ದುವ ಅಂಕಗಳ ವ್ಯವಸ್ಥೆಯಿದ್ದಿತು. ಅಳತೆಪಟ್ಟಿಯೊಂದನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಗೆರೆಯ ಮೇಲೆ ನಾಭಿಯಿಟ್ಟು, ಸ್ಪಷ್ಟವಾದ ಭಾಗವು ಹಿಂದಿನಿಂದ ಗೆರೆಯ ಮೇಲೆಯೇ ಬರುವವರೆಗೆ ಒಂದೊಂದಾಗಿ ಅಂಕವನ್ನು ಇಳಿಸಿದೆವು. ಋಣ 7ಕ್ಕೆ ಸರಿಬಂದಿತು. ಅಳಿಲುಗಳ ಕಣ್ಣು ಹೊಳೆಯಿತು, ಅಳಿಯನ ಮುಖವೂ ಹೊಳೆಯಿತು.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017), ಸಂಡೂರಿನ ಎಂ. ವೈ. ಘೋರ್ಪಡೆ (1931–2011), ಹಕ್ಕಿಗಳ ಚಿತ್ರಗಳನ್ನು ತೆಗೆದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಇವರೇ ಮೊದಲಾದ ನಮ್ಮ ನಾಡಿನವರು ಫಿಲ್ಮಿನ ಕಾಲದಲ್ಲಿ ಇಂಥ ಅನುಕೂಲಗಳಿಲ್ಲದೆ ಕೆಲಸ ಮಾಡಿದರೆಂಬುದು ಆ ಬೇವಿನ ಮರದ ಕೆಳಗೆ ನಮಗೆ ನೆನಪಾಯಿತು. ಸುರುಳಿಯೊಂದಕ್ಕೆ ಮೂವತ್ತಾರು ಚಿತ್ರ; ಕಣ್ಣು ಸ್ಪಷ್ಟವಾಯಿತೋ ಇಲ್ಲವೋ ಎಂಬುದು ಫಿಲ್ಮನ್ನು ತೊಳೆದ ಮೇಲೆಯೇ ತಿಳಿಯುವದು. ನಾವು ಒಂದೇ ಮುಂಜಾನೆ ಇನ್ನೂರಕ್ಕೂ ಮಿಕ್ಕಿ ತೆಗೆದು, ನೂರೆಂಬತ್ತನ್ನು ಅಳಿಸಿಹಾಕಿದೆವು.

ಇಲ್ಲಿಗೆ ಪರೀಕ್ಷೆಯು ಮುಗಿಯಿತೆಂದು ಅಳಿಯನು ಬಗೆದನು. ನಮಗೆ ಸಮಾಧಾನವಾಗಲಿಲ್ಲ, ಏಕೆಂದರೆ ಅಳಿಲು ಎಲ್ಲ ಚಿತ್ರಗಳಲ್ಲಿಯೂ ನಡುಮಧ್ಯದಲ್ಲಿಯೇ ಇದ್ದಿತು. ಎಂಟನೆಯ ದಿನ ಬಂಧುಗಳ ಮನೆಯ ಕಾರ್ಯಕ್ಕಾಗಿ ಹುಕ್ಕೇರಿಗೆ ಹೋದಾಗ ಮಸೂರವನ್ನೂ ಒಯ್ದೆವು. ಅಲ್ಲಿಯ ಆದಿಲಶಾಹೀ ಕಾಲದ ಗುಮ್ಮಟಗಳನ್ನು ನೋಡದವರು ನೋಡತಕ್ಕದ್ದು. ಗುಮ್ಮಟದ ಹತ್ತಿರ ಉದ್ದನೆಯ ಕಲ್ಲಿನ ಕಟ್ಟೆಯೊಂದರ ಮೇಲೆ ಅಳಿಲೊಂದು ಎಡದಿಂದ ಬಲಕ್ಕೆ ನಿಂತು ನಿಂತು ಸಾಗುತ್ತಿದ್ದಿತು. ಅಳಿಯನು ಕ್ಯಾಮರಾವನ್ನು ಕದಲಿಸದೆ ಚಿತ್ರಗಳನ್ನು ತೆಗೆದನು. ಎಡಕ್ಕೂ ನಡುವೆಯೂ ಕಲ್ಲಿನ ಕಣಕಣವೂ ಸ್ಪಷ್ಟ, ಅಳಿಲಿನ ಉಗುರೂ ಸ್ಪಷ್ಟ. ಬಲತುದಿಗೆ ಬಂದೊಡನೆ ಅಳಿಲೂ ಮಸುಕು, ಅದರ ಕೆಳಗಿನ ಕಲ್ಲೂ ಮಸುಕು.

ಕಟ್ಟೆಯು ನಮಗೆ ಸಮಾನಾಂತರವಾಗಿಲ್ಲದೆ ಓರೆಯಾಗಿದ್ದರೂ ಹೀಗಾಗಬಹುದಷ್ಟೆ. ಆ ಸಂದೇಹವನ್ನು ತೀರಿಸಬೇಕೆಂದು ಬಂಧುಗಳ ಮನೆಯ ಪಡಸಾಲೆಯ ಗೋಡೆಗೆ ಹಳೆಯ ಪಂಚಾಂಗದ ಹಾಳೆಗಳನ್ನು ಸಾಲಾಗಿ ಅಂಟಿಸಿ, ಪೀಠದ ಮೇಲೆ ಕ್ಯಾಮರಾವನ್ನಿಟ್ಟು ಒಂದು ಚಿತ್ರ ತೆಗೆದೆವು. ಬಲಗಡೆಯ ತಿಥಿನಕ್ಷತ್ರಗಳು ಓದಲು ಬರಲಿಲ್ಲ. ಆಮೇಲೆ ಕ್ಯಾಮರಾವನ್ನು ತಲೆಕೆಳಗು ಮಾಡಿ ಅಲ್ಲಿಂದಲೇ ಇನ್ನೊಂದು ತೆಗೆದೆವು. ದೋಷವು ಗೋಡೆಯ ಓರೆಯದಾಗಿದ್ದರೆ ಅದೇ ಹಾಳೆಗಳು ಮತ್ತೆ ಮಸುಕಾಗಬೇಕು. ಯಂತ್ರದ್ದಾಗಿದ್ದರೆ ಮಸುಕು ಆಚೆಯ ತುದಿಗೆ ಹೋಗಬೇಕು. ಮಸುಕು ಆಚೆಯ ತುದಿಗೆ ಹೋಯಿತು. ಅದೇ ಕ್ಯಾಮರಾಕ್ಕೆ ಅಳಿಯನ ಹಳೆಯ ಚಿಕ್ಕ ಮಸೂರವನ್ನು ಹಾಕಿ ನೋಡಿದಾಗ ಎರಡೂ ಕಡೆಯ ಅಕ್ಷರಗಳು ಸಮನಾಗಿ ಬಂದವು. ಆದುದರಿಂದ ಕ್ಯಾಮರಾ ನಿರ್ದೋಷಿ; ಹೊಸದಾಗಿ ಬಂದ ಮಸೂರದೊಳಗಿನ ಯಾವದೋ ಒಂದು ಗಾಜು ವಾರೆಯಾಗಿರುವದು. ನಾಭಿಯನ್ನು ತಿದ್ದಿದಂತೆ ಇದನ್ನು ಅಂಕಗಳಿಂದ ತಿದ್ದಲಾಗದು. ರಂಧ್ರವನ್ನು ಎಫ್ 11ಕ್ಕೆ ಕಿರಿದು ಮಾಡಿದರೆ ಮಸುಕು ಬಹಳವಾಗಿ ತಗ್ಗುವದೇನೋ ನಿಜ. ಆದರೆ ಮಂಟಪದ ಮಂದವಾದ ದೀಪಗಳಲ್ಲಿ ಅಷ್ಟು ಕಿರಿದು ಮಾಡುವದು ಆಗದ ಮಾತು.

ಆ ರಾತ್ರಿ ಮನೆಯಲ್ಲಿ ಪಂಚಾಯತಿಯೇ ನಡೆಯಿತು. ಅಳಿಯನಿಗೆ ಮಸೂರದ ಮೇಲೆ ಮೋಹ ಹುಟ್ಟಿದ್ದಿತು. ನಡುವಿನಲ್ಲಿ ಇಷ್ಟು ಚೆನ್ನಾಗಿ ಬರುವಾಗ ಒಂದು ಅಂಚಿಗಾಗಿ ಹಿಂದಕ್ಕೆ ಕಳುಹುವದೇ, ಎಂದು ಅವನ ವಾದ. ಅಳಿಲಿನ ಚಿತ್ರಕ್ಕೆ ಅಡ್ಡಿಯಿಲ್ಲ, ಜೀವನೋಪಾಯಕ್ಕೆ ಅಡ್ಡಿಯಿದೆ ಎಂದು ನಮ್ಮ ವಾದ. ಇಷ್ಟು ಹೊತ್ತು ಶಾವಿಗೆ ಬಿಡಿಸುತ್ತ ಕೇಳುತ್ತಿದ್ದ ನಮ್ಮ ಸೊಸೆಯು ಒಂದೇ ಪ್ರಶ್ನೆಯನ್ನು ಕೇಳಿದಳು: "ಮಾವಾರ, ಮದುವಿ ಫೋಟೋದಾಗ ಬಲಕ್ಕ ನಿಂತವರು ಯಾರ ಕಡೆಯವರ್ರಿ? ಅವರ ಮಾರಿ ಮಬ್ಬ ಬಂದ್ರ ಅವರು ರೊಕ್ಕ ಕೊಡ್ತಾರೇನ್ರಿ?"

ಮರುದಿನ, ಒಂಬತ್ತನೆಯ ದಿನ, ಮಸೂರವು ಅಂಚೆಗೆ ಹೋಯಿತು. ಅದರ ಜೊತೆಗೆ ಪಂಚಾಂಗದ ಎರಡು ಚಿತ್ರಗಳೂ ಹೋದವು. ವ್ಯಾಪಾರಿಯು ಮೊದಲು ನಾಲ್ಕು ದಿನ ಮೌನ ಹಿಡಿದನು. ಆಮೇಲೆ, ಚಿತ್ರ ತೆಗೆದವನ ಕೈದೋಷವೆಂದನು. ತಲೆಕೆಳಗಾದ ಕ್ಯಾಮರಾದ ತರ್ಕವನ್ನು ಬರೆದು ಕಳುಹಿಸಿದ ಮೇಲೆ ಸಾಗಣೆಯ ವೆಚ್ಚವೆಂದು 1,500 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಮರಳಿಸಿದನು. ಆ 1,500 ರೂಪಾಯಿ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೆ ಕರಾರಿನ ಕಾಗದದಲ್ಲಿ ಸಾಗಣೆಯ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ಇಂಥ ಕಾಗದವನ್ನು ಪಡೆಯುವ ವಾಚಕರು ಅದನ್ನು ಬರೆಯಿಸಿಕೊಂಡೇ ಹಣ ಕೊಡಬೇಕು.

ಮಾಘಮಾಸದಲ್ಲಿ ಅಳಿಯನು ಇನ್ನೊಂದು ಮಸೂರವನ್ನು ಕೊಂಡನು. ಈ ಸಲ ಮಾರುವವನನ್ನೇ ಮೂಡಲಗಿಗೆ ಕರೆಯಿಸಿ, ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಂಡು, ಮೊದಲು ಗೋಡೆಯ ಪಂಚಾಂಗ, ಆಮೇಲೆ ಓರೆಯ ಅಳತೆಪಟ್ಟಿ, ಕೊನೆಗೆ ಬೇವಿನ ಮರ, ಹೀಗೆ ಕ್ರಮವಾಗಿ ಒಂದು ತಾಸು ಪರೀಕ್ಷೆ ನಡೆಯಿತು. ಮಾರುವವನು ಬದುವಿನ ಮೇಲೆ ಕುಳಿತು ಬೇಸತ್ತು ಎರಡು ಸಲ ಚಹಾ ಕುಡಿದನು. ಅಳಿಲಿನ ಹತ್ತು ಚಿತ್ರಗಳಲ್ಲಿ ಏಳರಲ್ಲಿ ಕಣ್ಣೊಳಗಿನ ಬಿಳಿಯ ಚುಕ್ಕೆಯು ಸೂಜಿಯ ಮೊನೆಯಂತೆ ಬಂದಿತು. ಉಳಿದ ಮೂರರಲ್ಲಿ ಅಳಿಲೇ ಇರಲಿಲ್ಲ.